ಹತ್ತು ಬೆರಳಿನ ಮೇಸ್ತ್ರಿ

ಮರ ಕೊಯ್ಯುವವರ ಅನುಭವವನ್ನು ನಮ್ಮ ಕಡೆ ಬೆರಳಿನಿಂದ ಅಳೆಯುತ್ತಾರೆ. ಬೆರಳು ಎಷ್ಟು ಕಡಿಮೆಯೋ ಅನುಭವ ಅಷ್ಟು ಜಾಸ್ತಿ. ಕಡೂರಿನ ಒಂದು ಸಾಮಿಲ್ಲಿನಲ್ಲಿ ಒಬ್ಬರಿದ್ದಾರೆ, ಹೋಟೆಲಿನ ಕಡೆ ಕೈ ಎತ್ತಿ ಐದು ಟೀ ಎಂದು ತೋರಿಸಿದರೆ ಮೂರೇ ಬರುತ್ತದೆ. ಅಜ್ಜಂಪುರದಲ್ಲಿ ಇನ್ನೊಬ್ಬರಿದ್ದಾರೆ, ಅವರು ಕೈಮುಗಿದರೆ ಮುರುಕು ಬಾಗಿಲನ್ನು ಯಾರೋ ಅರ್ಧ ಮುಚ್ಚಿದ ಹಾಗೆ ಕಾಣುತ್ತದೆ. ಇಂಥವರ ನಡುವೆ ತರೀಕೆರೆಯಲ್ಲಿ, ನಮ್ಮಪ್ಪನ ಮರದ ಕಾರ್ಖಾನೆಯಲ್ಲಿ, ಹತ್ತಕ್ಕೆ ಹತ್ತೂ ಬೆರಳು ಇಟ್ಟುಕೊಂಡು ಒಬ್ಬರು ಗರಗಸದ ಮುಂದೆ ನಿಂತಿರುತ್ತಿದ್ದರು. ಈ ಶ್ರಾವಣದಲ್ಲಿ ಅವರು ಹೋಗಿಬಿಟ್ಟರು.

ಊರೆಲ್ಲ ಅವರನ್ನು ಮೇಸ್ತ್ರಿ ಅನ್ನುತ್ತಿತ್ತು. ಹೆಸರು ನಾನು ಬರೆಯುವುದಿಲ್ಲ. ಬರೆದರೆ ಮಣ್ಣಿನಿಂದ ಎದ್ದು ಬಂದು, "ಯಾರೇ ನಿಂಗೆ ಪರ್ಮಿಷನ್ ಕೊಟ್ಟೋರು?" ಎಂದು ಕೇಳುವ ಪೈಕಿ ಅವರು. ಎದ್ದು ಬಂದರೆ ನನಗೇನೋ ಸಂತೋಷವೇ. ಆದರೆ ಅಜ್ಜಿಗೆ ಏನಾಗುತ್ತದೋ ಹೇಳಲಾರೆ.

ಹೊಸ ಗಿರಾಕಿಗಳಿಗೆ ಅವರ ಕೈ ನೋಡಿದರೆ ನಂಬಿಕೆಯೇ ಹುಟ್ಟುತ್ತಿರಲಿಲ್ಲ. ಒಮ್ಮೆ ದೇವನೂರಿನಿಂದ ಒಬ್ಬರು ಬಾಗಿಲಿನ ಚೌಕಟ್ಟಿಗೆ ಮರ ತಂದಿದ್ದರು. ಮೇಸ್ತ್ರಿಯ ಕೈಯನ್ನು ಹಿಂದೆ ಮುಂದೆ ನೋಡಿ ಅಪ್ಪನನ್ನು ಪಕ್ಕಕ್ಕೆ ಕರೆದರು.

"ಏನ್ ಯಜಮಾನ್ರೇ, ಹೊಸಬ್ರನ್ನ ಇಟ್ಕಂಡಿದೀರಾ? ಬೆರಳೆಲ್ಲಾ ಹಂಗ್ಹಂಗೇ ಅವೆ?"

ಅದು ಮೇಸ್ತ್ರಿಯ ಕಿವಿಗೆ ಬಿತ್ತು. ಅವರು ಎರಡೂ ಅಂಗೈಗಳನ್ನು ಗಿರಾಕಿಯ ಮುಖದ ಮುಂದೆ ಬಿಡಿಸಿ ಹಿಡಿದರು.

"ಹತ್ತು ತಂದಿದ್ದೆ ಸ್ವಾಮಿ, ಹತ್ತೂ ತಗಂಡೇ ಹೋಗೋನು. ಕಮ್ಮಿ ಇರೋರು ಬೇಕು ಅಂದ್ರೆ ಕಡೂರು ಬಸ್ಸು ಈಗ ಬತ್ತದೆ, ಹತ್ಕಳಿ."

ಇದು ಅವರ ಖಾಯಂ ಮಾತು. ಹತ್ತು ತಂದಿದ್ದೆ, ಹತ್ತೂ ತಗಂಡೇ ಹೋಗ್ತೀನಿ. ಕೈಯ ವಿಷಯದಲ್ಲಿ ಅವರಿಗೆ ಮದುವೆ ಹೆಣ್ಣಿಗಿಂತ ಹೆಚ್ಚು ಜಂಬ. ಸಂಜೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಉಗುರನ್ನು ಮರಳುಕಾಗದದಲ್ಲಿ ತಿಕ್ಕುತ್ತಿದ್ದರು. ನಾನು ಸ್ನೇಹಿತೆಯರಿಗೆ ಹೇಳುವಾಗ, ಮೇಸ್ತ್ರಿ ರಾತ್ರಿ ಬೆರಳುಗಳನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ ಎಂದಿದ್ದೆ. ಹಾಗೆ ಹೇಳಿದರೆ ಅವರು ನಗುತ್ತಿದ್ದರು. ನಗಿಸುವುದಕ್ಕಾಗಿ ನಾನು ಏನು ಬೇಕಾದರೂ ಹೇಳುತ್ತಿದ್ದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಗರಗಸ ಅಂದರೆ ಒಂದು ಕಬ್ಬಿಣದ ಮೇಜು. ಅದರ ನಡುವೆ ಒಂದು ಸೀಳು, ಆ ಸೀಳಿನಿಂದ ಅರ್ಧ ಮೇಲೆದ್ದ ದುಂಡನೆಯ ಬ್ಲೇಡು. ಕೆಳಗೆ ಮೋಟಾರು. ನಾನು ತೊಟ್ಟಿಲಲ್ಲಿದ್ದಾಗ ಅದು ರೈಲಿನಲ್ಲಿ ಬಂದಿಳಿಯಿತಂತೆ. ಮೊದಲ ದಿನ ಅದು ಕೂಗಿದ್ದಕ್ಕೆ ನಾನೂ ಕೂಗಿದೆನಂತೆ. ನಮ್ಮಿಬ್ಬರಲ್ಲಿ ಯಾರ ಗಂಟಲು ದೊಡ್ಡದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ ಮುಂಚೆ ಮೇಸ್ತ್ರಿ ಗುಂಡಿಯಲ್ಲಿ ನಿಂತು ದಿಮ್ಮಿಯನ್ನು ಕೈಗರಗಸದಲ್ಲಿ ಎಳೆಯುತ್ತಿದ್ದ ಆಳು. ತಲೆಯ ಮೇಲೆ ಹೊಟ್ಟು ಸುರಿಯುತ್ತಿದ್ದ ಆ ನಡುವಯಸ್ಸಿನ ಆಳನ್ನು ಗುಂಡಿಯಿಂದ ಮೇಲೆ ಕರೆದು, "ಇವನ ಕೈಗೇ ಮಿಷನ್ ಕೊಡು, ಇವನಿಗೆ ಭಯ ಅದೆ" ಎಂದು ಅಪ್ಪನಿಗೆ ಹೇಳಿದವಳು ನಮ್ಮಜ್ಜಿ. ಧೈರ್ಯ ಇರುವವನಿಗೆ ಕೊಡದೆ ಭಯ ಇರುವವನಿಗೆ ಕೊಟ್ಟ ಅಜ್ಜಿಯ ಈ ಬುದ್ಧಿಯನ್ನು ಮೇಸ್ತ್ರಿ ಸಾಯುವವರೆಗೂ ಹೊಗಳಿದರು. ಅವರು ಹೊಗಳಿದ್ದು ಅದೊಂದನ್ನೇ. ಬೇರೆ ಯಾರನ್ನಾಗಲೀ ಯಾವುದನ್ನಾಗಲೀ ಹೊಗಳಿದ್ದನ್ನು ನಾನು ಕೇಳಿಲ್ಲ.

ಒಳ್ಳೆಯ ಸ್ವಭಾವದವರು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಡುಕು ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮರುಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ, ಸ್ನೇಹಿತರು ಬೇಕೆಂದು ಅನ್ನಿಸಿರಲೂ ಇಲ್ಲ. ಗರಗಸದ ಹತ್ತಿರ ಯಾರು ಬಂದರೂ ಅವರಿಗೆ ಶತ್ರುಗಳೇ. ಬಾಗಿಲಿನ ಪಕ್ಕದ ಗೋಡೆಗೆ ಸಾಲಾಗಿ ಮೊಳೆ ಹೊಡೆದಿದ್ದರು. ಹೆಗಲ ಮೇಲಿನ ಟವೆಲ್ಲು, ಶಲ್ಯ, ಮಫ್ಲರು ಏನಿದ್ದರೂ ಅಲ್ಲಿ ನೇತುಹಾಕಿಯೇ ಒಳಗೆ ಬರಬೇಕು. ಹೊರಗಿನಿಂದ ನೋಡಿದರೆ ಅದು ಮರದ ಕಾರ್ಖಾನೆಯೋ ಬಟ್ಟೆ ಒಗೆಯುವ ಜಾಗವೋ ಗೊತ್ತಾಗುತ್ತಿರಲಿಲ್ಲ. ಒಬ್ಬ ದೊಡ್ಡ ಕೊಬ್ಬರಿ ಮಂಡಿಯವರು ಜರಿ ಶಲ್ಯ ಹೊದ್ದುಕೊಂಡು ನೇರ ಗರಗಸದ ತನಕ ಬಂದುಬಿಟ್ಟರು. ಮೇಸ್ತ್ರಿ ಅದನ್ನು ಹೆಗಲಿನಿಂದ ಎಳೆದು ಮೊಳೆಗೆ ಹಾಕಿದರು.

"ಏನಯ್ಯಾ ಇದು, ಮರ್ಯಾದೆ ಇಲ್ವಾ?" ಎಂದು ಮಂಡಿಯವರು ಕೆಂಡವಾದರು.

"ನಿಮ್ ಶಲ್ಯ ಒಳಗೋದ್ರೆ ಅದರ ಹಿಂದೆ ನೀವೂ ಹೋಗ್ತೀರಿ ಸ್ವಾಮಿ. ನಮ್ ಮಿಷನ್‌ಗೆ ಇಷ್ಟು ದಪ್ಪದ ಮರ ಕೊಯ್ಯೋ ಶಕ್ತಿ ಇಲ್ಲ."

ನನಗೂ ಅದೇ ಕಾನೂನು. ನನ್ನ ಜಡೆ ಮೊಣಕಾಲು ಮುಟ್ಟುತ್ತದೆ. ಸರಿ, ಸೊಂಟ. ಹೊಸ್ತಿಲು ದಾಟಬೇಕಾದರೆ ಅದನ್ನು ಅಜ್ಜಿಯ ಹಾಗೆ ಗಂಟು ಕಟ್ಟಿಕೊಳ್ಳಬೇಕಿತ್ತು. ಯಾರೂ ಬೇಡ, ಶಿವನಿಗೇ ಅವರು ವಿನಾಯಿತಿ ಕೊಟ್ಟಿರಲಿಲ್ಲ. ಎಲ್ಲರೂ ಲಿಂಗವನ್ನು ಕೊರಳ ದಾರದಲ್ಲಿ ಧರಿಸಿದರೆ ಇವರು ಬಿಳಿ ಬಟ್ಟೆಯಲ್ಲಿ ಸುತ್ತಿ ಬಲರಟ್ಟೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು.

"ಎದೆ ಮೇಲಿರೋದನ್ನ ರಟ್ಟೆಗೆ ಕಟ್ಕಂಡಿದೀಯಲ್ಲೋ," ಎಂದು ಅಜ್ಜಿ ರೇಗುತ್ತಿದ್ದಳು.

"ಶಿವ ಎಲ್ಲಿದ್ರೂ ಶಿವನೇ ಅವ್ವಾ. ಕುತ್ತಿಗೇಲಿ ಜೋತಾಡ್ತಾ ಇದ್ರೆ ಹೋಗೋವಾಗ ನನ್ನೂ ಕರ್ಕಂಡ್ ಹೋಗ್ತಾನೆ."

ಬ್ಲೇಡಿನ ಮೇಲೆ ಒಂದು ತಗಡಿನ ಮುಚ್ಚಳ ಇತ್ತು. ಸೀಮೆಎಣ್ಣೆ ಡಬ್ಬ ಬಿಚ್ಚಿ ಅವರೇ ಮಾಡಿದ್ದು. ಅದಕ್ಕೆ ಟೋಪಿ ಎಂದು ಹೆಸರು. ಟೋಪಿ ಇಲ್ಲದ ಬ್ಲೇಡಿಗೆ ಅವರು ಮರ ಕೊಡುತ್ತಿರಲಿಲ್ಲ. ಬ್ಲೇಡಿನ ಎತ್ತರ ಎಷ್ಟಿರಬೇಕೆಂದರೆ, "ನಕ್ಕಾಗ ಹಲ್ಲು ಕಾಣ್ಬೇಕು, ವಸಡು ಕಾಣ್ಬಾರ್ದು." ಹಲಗೆಯ ಮೇಲೆ ಹಲ್ಲಿನ ತುದಿ ಇಣುಕಿದರೆ ಸಾಕು, ಅದಕ್ಕಿಂತ ಮೇಲೆ ಬಂದರೆ ಅದು ಅನವಶ್ಯಕ ನಗು. ಹಳೆಯ ಮನೆಯ ತೊಲೆ ಬಂದರೆ ಕೆಟ್ಟ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಅದರ ಮೈಯೆಲ್ಲ ಆಡಿಸಿ, ಒಳಗೆ ಮೊಳೆ ಇದೆಯೇ ನೋಡುತ್ತಿದ್ದರು, ಡಾಕ್ಟರು ಎದೆ ನೋಡಿದ ಹಾಗೆ.

ಹಲಗೆಯ ಕೊನೆಯ ತುಂಡನ್ನು ಕೈಯಿಂದ ಎಂದೂ ತಳ್ಳುತ್ತಿರಲಿಲ್ಲ. ಅದಕ್ಕೆ ಒಂದು ಕೋಲು, ತುದಿಯಲ್ಲಿ ಕಚ್ಚು. ಅದರ ಹೆಸರು ಭಾವ. "ಭಾವಂದು ಹೋದ್ರೆ ಹೋಗ್ಲಿ, ನಮ್ದು ಇರ್ಲಿ" ಅನ್ನುತ್ತಿದ್ದರು. ಅವರ ಹೆಂಡತಿಯ ಅಣ್ಣ ಒಮ್ಮೆ ಅಜ್ಜಂಪುರದಿಂದ ನೋಡಲು ಬಂದು ಬಾಗಿಲಲ್ಲೇ ನಿಂತಿದ್ದರಂತೆ. ಒಳಗಿನಿಂದ ಮೇಸ್ತ್ರಿ ಕೂಗಿದರು: "ಭಾವನ ಮೂಗು ಆಗ್ಲೇ ಹೋಗ್ಯದೆ, ಇವತ್ತು ತಲೇನೂ ಕೊಯ್ದ್ಹಾಕಿ ಒಲೆಗೆ ಎಸೀರಿ!" ಆ ಭಾವ ಆಮೇಲೆ ತರೀಕೆರೆ ಕಡೆ ಬಂದದ್ದು ತಂಗಿಯ ಮಣ್ಣಿಗೆ ಮಾತ್ರ.

ಹಲಗೆಯ ನೇರ ಹಿಂದೆ ನಿಲ್ಲಬಾರದು. ಕೊಯ್ದ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಕೊಯ್ದ ಸಂದಿಗೆ ಬೆಣೆ ಸಿಕ್ಕಿಸುತ್ತಿದ್ದರು, ಪಕ್ಕಕ್ಕೆ ನಿಲ್ಲುತ್ತಿದ್ದರು. ಒಮ್ಮೆ ಮೇಸ್ತ್ರಿ ಊರಲ್ಲಿಲ್ಲದಾಗ ಬದಲಿ ಆಳೊಬ್ಬ ಬೆಣೆ ಹಾಕದೆ ಕೊಯ್ದ. ಹಲಗೆ ಒದ್ದು ಹಿಂದಿನ ಗೋಡೆಯ ಗಾರೆ ಕಿತ್ತುಕೊಂಡು ಹೋಯಿತು. ಕಾಲೇಜಿನಲ್ಲಿ ನಾನು ಇದನ್ನು ಹೇಳುವಾಗ ಹಲಗೆ ಗೋಡೆ ತೂರಿ, ರಸ್ತೆ ದಾಟಿ, ಸ್ಟೇಷನ್ನಿನಲ್ಲಿ ಹೊರಟಿದ್ದ ರೈಲು ಹತ್ತಿ, ಟಿಕೆಟ್ಟಿಲ್ಲದೆ ಕಡೂರಿನಲ್ಲಿ ಇಳಿದಿತ್ತು. ಕೆಲವರು ಅದನ್ನು ಕಡೂರಿನಲ್ಲಿ ನೋಡಿದ್ದೇವೆ ಎಂದೂ ಹೇಳಿದರು.

ಎಲ್ಲಕ್ಕಿಂತ ತಮಾಷೆ ಅನ್ನಿಸುತ್ತಿದ್ದುದು ಸ್ವಿಚ್ಚಿನ ವಿಷಯ. ನಮ್ಮೂರ ಕರೆಂಟು ಹೇಳದೆ ಹೋಗುತ್ತದೆ, ಕೇಳದೆ ಬರುತ್ತದೆ. ಕರೆಂಟು ಹೋದಾಗ ಗರಗಸ ತಾನೇ ನಿಂತಿರುತ್ತದಲ್ಲ, ಆದರೂ ಮೇಸ್ತ್ರಿ ಗೋಡೆಯ ತನಕ ನಡೆದು, ಸ್ವಿಚ್ಚನ್ನು ಕೆಳಗೆ ಒತ್ತಿ ಆರಿಸಿ, ಅದರ ಮೇಲೆ ಅಂಗೈ ಇಟ್ಟು, ಯಾರು ಕೇಳಲಿ ಬಿಡಲಿ, ಗಟ್ಟಿಯಾಗಿ "ಆರಿದೆ" ಅನ್ನುತ್ತಿದ್ದರು. ಹಾಗೆ ಅನ್ನದೆ ಬ್ಲೇಡಿನ ಹತ್ತಿರ ಕೈ ತರುತ್ತಿರಲಿಲ್ಲ. ಆರಿಸದೆ ಬಿಟ್ಟರೆ, ಕರೆಂಟು ವಾಪಸು ಬಂದ ಕೂಡಲೇ ಗರಗಸ ಯಾರನ್ನೂ ಕೇಳದೆ ತಿರುಗುತ್ತದೆ ಎಂಬುದು ಅವರ ಭಯ. ನಾನು ಮನೆಯಲ್ಲಿ ರೇಡಿಯೋ ನಿಲ್ಲಿಸಿದರೂ, ದೀಪ ಆರಿಸಿದರೂ, ಅಜ್ಜಿಯ ಒಲೆಯ ಮುಂದೆ ನಿಂತೂ ಅವರ ಗಡಸು ದನಿಯಲ್ಲಿ "ಆರಿದೆ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅಜ್ಜಿಯೂ.

ಅಜ್ಜಿಗೂ ಮೇಸ್ತ್ರಿಗೂ ವರ್ಷಕ್ಕೊಂದು ಜಗಳ ಖಾಯಂ. ಆಯುಧಪೂಜೆಯ ದಿನ ಗರಗಸಕ್ಕೆ ವಿಭೂತಿ, ಕುಂಕುಮ, ಹೂವು. ಪೂಜೆಗೆ ಟೋಪಿ ತೆಗೆಯಲೇಬೇಕು ಎಂದು ಅಜ್ಜಿ. "ದೇವರ ಮುಖಕ್ಕೆ ಮುಸುಕು ಹಾಕಿ ಯಾರಾದ್ರೂ ಪೂಜೆ ಮಾಡ್ತಾರೇನೋ?" ತೆಗೆದ ಟೋಪಿಯನ್ನು ಮಾರನೆಯ ದಿನ ಹೂವು ಇಳಿಸುವವರೆಗೆ ಮತ್ತೆ ಹಾಕುವ ಹಾಗಿಲ್ಲ. ಹಾಕುವ ಮುಂಚೆ ವಿಜಯದಶಮಿಯ ಮುಹೂರ್ತಕ್ಕೆ ಅಜ್ಜಿಯೇ ಸ್ವಿಚ್ಚು ಒತ್ತಬೇಕು, ಒಂದು ಹಲಗೆ ಕೊಯ್ಯಬೇಕು. ವರ್ಷಕ್ಕೊಮ್ಮೆ, ಆ ಒಂದು ಹಲಗೆಗೆ ಮಾತ್ರ, ಮೇಸ್ತ್ರಿ ಟೋಪಿಯಿಲ್ಲದ ಬ್ಲೇಡಿನ ಮುಂದೆ ನಿಲ್ಲುತ್ತಿದ್ದರು. ಎರಡು ಕೈಯಲ್ಲೂ ಒಂದೊಂದು ಭಾವ ಹಿಡಿದು, ಹಾವು ಹಿಡಿಯುವವನ ಹಾಗೆ. ಚೌಕಾಸಿ ಮಾಡಿ ಮಾಡಿ ಒಂದು ರಾಜಿಗೆ ಬಂದಿದ್ದರು. ದಾರದ ಹಾರ ಬ್ಲೇಡಿಗೆ ಬೇಡ, ಗೋಡೆಗೆ ಹಾಕಿ. ಬ್ಲೇಡಿಗೆ ಬಿಡಿ ಹೂವು.

ಹೋದ ವರ್ಷದ ದಸರಾ ಅವರ ಕೊನೆಯ ದಸರಾ ಎಂದು ಎಲ್ಲರಿಗೂ ಗೊತ್ತಿತ್ತು. ಕಣ್ಣು ಮಂಜಾಗುತ್ತಿದೆ, ದೀಪಾವಳಿಗೆ ಕೆಲಸ ಬಿಡುತ್ತೇನೆ ಎಂದು ಅವರೇ ಹೇಳಿದ್ದರು. ಊರಿನ ಮರಗೆಲಸದವರೆಲ್ಲ ಸೇರಿ ಅವರಿಗೆ ಶಾಲು ಹೊದಿಸಿ ಹಾರ ಹಾಕುವುದು ಎಂದು ತೀರ್ಮಾನವಾಗಿತ್ತು. ಒಬ್ಬ ಬಡಗಿ ಭಾಷಣ ಬರೆಸಿಕೊಂಡು ಬಾಯಿಪಾಠ ಮಾಡುತ್ತಾ ಊರೆಲ್ಲ ತಿರುಗುತ್ತಿದ್ದ. ಅದರಲ್ಲಿ 'ಹತ್ತು ಬೆರಳು' ಎಂಬ ಮಾತು ಎಷ್ಟು ಸಲ ಬರುತ್ತಿತ್ತೆಂದರೆ, ಎಲ್ಲ ಸೇರಿಸಿದರೆ ಮೇಸ್ತ್ರಿಗೆ ನೂರು ಬೆರಳಾಗುತ್ತಿತ್ತು. ಮೇಸ್ತ್ರಿ ಕೇಳದವರ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಕೊಬ್ಬರಿ ಎಣ್ಣೆ ಬೆಳಿಗ್ಗೆಯೂ ಹಚ್ಚುತ್ತಿದ್ದರು.

ವಿಜಯದಶಮಿ ಬೆಳಿಗ್ಗೆ ಅಜ್ಜಿ ಮಡಿಯುಟ್ಟು ಬಂದಳು. ಹಲಗೆ ತಯಾರು, ಭಾವಂದಿರು ತಯಾರು, ಟೋಪಿ ಕೆಳಗೆ. ಇನ್ನೇನು ಬ್ಲೇಡಿನ ಹೂವು ತೆಗೆದು ಮುಹೂರ್ತ ಮಾಡಬೇಕು, ಕರೆಂಟು ಹೋಯಿತು. ಎಲ್ಲರೂ ಕಾದರು. ಅಜ್ಜಿ ಪಂಚಾಂಗ ನೋಡಿದ್ದಳು. ರಾಹುಕಾಲ ಹತ್ತಿರ ಬರುತ್ತಿತ್ತು.

"ಒತ್ತಿಬಿಡ್ತೀನಿ. ಒತ್ತಿದ್ರೆ ಮುಹೂರ್ತ ಆದಂಗೆ. ಕರೆಂಟು ಬಂದಾಗ ಬರ್ಲಿ," ಎಂದು ಅಜ್ಜಿ ಸ್ವಿಚ್ಚನ್ನು ಮೇಲಕ್ಕೆ ಒತ್ತಿಯೇ ಬಿಟ್ಟಳು. ಎಲ್ಲರೂ ಕೈಮುಗಿದರು. ಗರಗಸ ಸುಮ್ಮನಿತ್ತು.

ಮೇಸ್ತ್ರಿ ಆರಿಸಲು ಗೋಡೆಯ ಕಡೆ ಹೋದರು. ಅಜ್ಜಿ ಅಡ್ಡ ನಿಂತಳು.

"ಮುಟ್ಟಬೇಡ! ಮುಹೂರ್ತಕ್ಕೆ ಒತ್ತಿದ್ದನ್ನ ಆರುಸ್ತಾರೇನೋ? ವರ್ಷದ ವ್ಯಾಪಾರವೇ ಆರಿಹೋಯ್ತದೆ."

"ಅವ್ವಾ, ಕರೆಂಟು ಬಂದ್ರೆ ತಾನೇ ತಿರುಗ್ತದೆ. ಮೇಲೆ ಟೋಪಿನೂ ಇಲ್ಲ."

"ತಿರುಗ್ಲಿ. ಬೇಕಾಗಿರೋದೇ ಅದು."

ಮೇಸ್ತ್ರಿ ಅಪ್ಪನ ಮುಖ ನೋಡಿದರು. ಅಪ್ಪ ಸೂರಿನ ಹೆಂಚು ನೋಡಿದರು. ತಾಯಿಯ ಎದುರು ಮಾತಾಡಬೇಕಾದಾಗಲೆಲ್ಲ ನಮ್ಮಪ್ಪನಿಗೆ ಸೂರು ಸೋರುತ್ತಿರುವ ಹಾಗೆ ಕಾಣುತ್ತದೆ.

ಎಲ್ಲರೂ ಹಿತ್ತಲಿಗೆ ಹೋಳಿಗೆ ಊಟಕ್ಕೆ ಹೋದರು. ಮೇಸ್ತ್ರಿ ಹೋಗಲಿಲ್ಲ. ಯಾರಾದರೂ ಅತ್ತ ಬಂದಾರೆಂದು ಗರಗಸದ ಪಕ್ಕದಲ್ಲೇ, ಕೈ ಕಟ್ಟಿಕೊಂಡು, ಸತ್ತವರನ್ನು ಕಾಯುವವರ ಹಾಗೆ ನಿಂತರು. ಕರೆದರೆ, "ನನ್ ಎಲೆ ಆಮೇಲೆ ಹಾಕಿ" ಅಂದರು.

ಊಟ ಮುಗಿಸಿ ಅಜ್ಜಿ ನನ್ನ ಕೈ ಹಿಡಿದುಕೊಂಡು ಒಳಗೆ ಬಂದಳು. "ಬಾ, ಪ್ರಸಾದದ ಹೂ ಮುಡುಸ್ತೀನಿ. ಈ ವರ್ಷಾನಾದ್ರೂ ಪಿಯುಸಿ ಪಾಸಾಗು." ನೇರ ಗರಗಸದ ಹತ್ತಿರ ಹೋಗಿ ಬ್ಲೇಡಿನ ಮೇಲಿದ್ದ ಸೇವಂತಿಗೆ ಕೈ ಚಾಚಿದಳು.

"ಅವ್ವಾ, ನಿಂತ್ಕಳಿ, ಸ್ವಿಚ್ಚು..."

"ಒಂದು ಹೂ ತಗಳಕ್ಕೂ ನಿನ್ ಅಪ್ಪಣೆ ಬೇಕೇನೋ?"

ಮೂಲೆಯ ಟ್ಯೂಬ್‌ಲೈಟು ಮಿಣಕ್ ಎಂದಿತು. ಮೇಸ್ತ್ರಿ ಎಡಗೈ ಬೀಸಿ ಅಜ್ಜಿಯ ಕೈಯನ್ನು ಆಚೆ ಹೊಡೆದರು. ಸೇವಂತಿಗೆ ಎಸಳು ಎಸಳಾಗಿ ಹಾರಿತು. ಗರಗಸದ ಕೂಗು ಒಂದು ಕ್ಷಣ ಮಾತ್ರ ಬೇರೆಯಾಗಿ, ಮತ್ತೆ ಮೊದಲಿನ ಹಾಗಾಯಿತು.

ಇಲ್ಲಿ ನಾನು ಉಬ್ಬಿಸಿ ಹೇಳುವಂಥದ್ದು ಏನೂ ಇಲ್ಲ. ಅವರು ಕೂಗಿಕೊಳ್ಳಲಿಲ್ಲ. ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಯ ತನಕ ನಡೆದರು. ಬಲಗೈಯಿಂದ ಸ್ವಿಚ್ಚು ಕೆಳಗೆ ಒತ್ತಿದರು. ಅಂಗೈ ಇಟ್ಟರು. "ಆರಿದೆ" ಅಂದರು. ಆಮೇಲೆ ಕೂತರು. ರಕ್ತ ನಿಲ್ಲಿಸಲು ಒಂದು ಟವೆಲ್ಲಿಗಾಗಿ ನಾನು ಸುತ್ತ ನೋಡಿದೆ. ಇವರು ಯಾರನ್ನೂ ಟವೆಲ್ಲು ಹಾಕಿಕೊಂಡು ಒಳಗೆ ಬಿಟ್ಟಿರಲಿಲ್ಲವಲ್ಲ, ಒಂದೂ ಇರಲಿಲ್ಲ, ಮೊಳೆಯ ಮೇಲಿದ್ದವೂ ಅವರವರ ಹೆಗಲೇರಿ ಊಟಕ್ಕೆ ಹೋಗಿದ್ದವು. ಅಜ್ಜಿ ತನ್ನ ಮಡಿಸೀರೆಯ ಸೆರಗನ್ನು ಹಲ್ಲಿನಿಂದ ಹರಿದು ಕಟ್ಟಿದಳು. ಅವಳ ಕೈಯಲ್ಲಿ ಐದಕ್ಕೆ ಐದೂ ಬೆರಳಿದ್ದವು. ಮೇಸ್ತ್ರಿಯ ಎಡಗೈಯ ಕಿರುಬೆರಳು ಇರಲಿಲ್ಲ.

ಹಿತ್ತಲಿನಿಂದ ಎಲ್ಲರೂ ಓಡಿ ಬಂದರು. "ಏನಾಯ್ತು ಮೇಸ್ತ್ರಿ?" ಎಂದು ಅಪ್ಪ ಕೇಳಿದರು. ಮೇಸ್ತ್ರಿ ಅಜ್ಜಿಯ ಕಡೆ ನೋಡಲಿಲ್ಲ.

"ಹೂ ತೆಗೆಯಕ್ಕೆ ಹೋದೆ ಯಜಮಾನ್ರೇ. ಕರೆಂಟು ಬಂತು. ಮೈಮರೆತೆ."

ಅಜ್ಜಿ ಹರಿದ ಸೆರಗು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಮನೆಯೊಳಗೆ ಹೋಗಿ ದೇವರ ಕೋಣೆಯ ಬಾಗಿಲು ಹಾಕಿಕೊಂಡಳು.

ಊರಿಗೆ ಸುದ್ದಿಯಾಯಿತು. ಹತ್ತು ಬೆರಳಿನ ಮೇಸ್ತ್ರಿ ಕೊನೆ ಗಳಿಗೆಯಲ್ಲಿ ಮೈಮರೆತರು. ನಾನು ಸುಮ್ಮನಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಪ್ಪನಿಗೆ ಹೇಳಿದೆ. ಅಪ್ಪ ನನ್ನನ್ನೇ ನೋಡಿದರು.

"ಹಲಗೆ ರೈಲು ಹತ್ತಿ ಕಡೂರಿಗೆ ಹೋಯ್ತು ಅಂದೋಳು ನೀನು. ಅಜ್ಜಿ ಮೇಲೆ ಕಥೆ ಕಟ್ಟಬೇಡ."

ಕಾಲೇಜಿನಲ್ಲಿ ಸ್ನೇಹಿತೆಯರಿಗೆ ಹೇಳಿದೆ. ಅವರು ಕೆನ್ನೆಗೆ ಕೈ ಕೊಟ್ಟು ಕೂತು ಕೇಳಿದರು. ಮುಗಿದ ಮೇಲೆ ಒಬ್ಬಳು, "ಆಮೇಲೆ? ಬೆರಳು ಯಾವ ರೈಲು ಹತ್ತಿತು ಕಣೇ?" ಅಂದಳು. ಎಲ್ಲರೂ ನಕ್ಕರು. ಅಷ್ಟು ಚೆನ್ನಾಗಿ ನಾನು ಅವರನ್ನು ನಗಿಸಿದ್ದು ಅದೇ ಮೊದಲು.

ಸನ್ಮಾನ ಬೇಡ ಎಂದು ಮೇಸ್ತ್ರಿ ಹೇಳಿ ಕಳಿಸಿದರು. ಅಷ್ಟರಲ್ಲಿ ಶಾಲು ಬಂದಿತ್ತು, ಹಾರಕ್ಕೆ ಹೇಳಿಯಾಗಿತ್ತು, ಭಾಷಣವಂತೂ ಬಾಯಿಪಾಠವಾಗಿ ಕೂತಿತ್ತು. ಮರಗೆಲಸದವರು ಅವರನ್ನು ಎಳೆದುಕೊಂಡೇ ಬಂದರು. ನಮ್ಮ ಕಾರ್ಖಾನೆಯ ಮುಂದೆಯೇ ಬೆಂಚು ಹಾಕಿದ್ದರು. ಕಡೂರಿನ ಮೂರು ಟೀಯವರು ಬಂದಿದ್ದರು, ಅಜ್ಜಂಪುರದ ಅರ್ಧ ಬಾಗಿಲಿನವರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಜ್ಜಿ. ಶಾಲು ಹೊದಿಸಿದ ಕೂಡಲೇ ಮೇಸ್ತ್ರಿ ಅದನ್ನು ಎರಡೂ ಕಡೆಯಿಂದ ಎಳೆದು, ಕೈಗಳನ್ನು ಒಳಗೆ ಸೇರಿಸಿಕೊಂಡರು. ಜನ್ಮವೆಲ್ಲ ಪರರ ಶಲ್ಯ ಎಳೆದು ಮೊಳೆಗೆ ಹಾಕಿದ ಮನುಷ್ಯ ಒಂದು ಶಾಲನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದನ್ನು ನಾನು ನೋಡಿದೆ. ಭಾಷಣದವನು ಪಾಪ, ಬಾಯಿಪಾಠದಲ್ಲಿ 'ಹತ್ತು ಬೆರಳು' ಬಂದ ಕಡೆಯೆಲ್ಲ ಕೆಮ್ಮಿದ. ಅವನ ಭಾಷಣ ಮುಗಿಯುವಷ್ಟರಲ್ಲಿ ಅವನಿಗೆ ಕ್ಷಯ ಇದೆ ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡರು. ಫೋಟೋದವನು ಬಂದು, "ಕೈ ಆಚೆ ತೆಗೀರಿ ಮೇಸ್ತ್ರಿ" ಎಂದ. ಅವರು ತೆಗೆಯಲಿಲ್ಲ. ಹಾಗೇ ಫೋಟೋ ಆಯಿತು.

ಕೊನೆಗೆ ಹಾರ ಹಾಕಿದರು. ಹಾರ ಹಾಕಿಸಿಕೊಂಡವರು ಸಭೆಗೆ ಕೈಮುಗಿಯಬೇಕು. ಎಲ್ಲರೂ ಕಾದರು. ಬಹಳ ಹೊತ್ತು ಅನ್ನಿಸುವಷ್ಟು ಕಾದರು. ಮೇಸ್ತ್ರಿ ಶಾಲಿನಿಂದ ಕೈ ಹೊರಗೆ ತೆಗೆದು, ಜೋಡಿಸಿ, ಮುಖದ ಮುಂದೆ ಹಿಡಿದರು. ಎಡಗಡೆ ಬಟ್ಟೆ ಸುತ್ತಿದ್ದ ಜಾಗವನ್ನು ಎಲ್ಲರೂ ನೋಡಿದರು.

ಚಪ್ಪಾಳೆ ಶುರುವಾಗಿ ನಿಂತುಹೋಯಿತು. ಕಡೂರಿನವರು ಸಮಾಧಾನ ಮಾಡಲೆಂದೇ ಕೇಳಿದರು, "ಹೋಗ್ಲಿ ಬಿಡಿ ಮೇಸ್ತ್ರಿ, ಒಂದು ಗಳಿಗೆ ಮೈಮರೆತ್ರಿ. ನಮ್ಮಂಗೇ ನೀವೂ ಮನುಷ್ಯರೇ ತಾನೇ?"

"ಹೂಂ ಕಣಪ್ಪ," ಅಂದರು ಮೇಸ್ತ್ರಿ. "ಮನುಷ್ಯರೇ."

ಅಜ್ಜಿ ನೆಲ ನೋಡುತ್ತಿದ್ದಳು.

ಆಮೇಲೆ ಅವರು ಕಾರ್ಖಾನೆಗೆ ಕಾಲಿಡಲಿಲ್ಲ. ಸ್ಟೇಷನ್ ಹಿಂದಿನ ಅವರ ಒಂಟಿ ಕೋಣೆಗೆ ನಾನು ಆಗಾಗ್ಗೆ ಬುತ್ತಿ ಕೊಟ್ಟು ಬರುತ್ತಿದ್ದೆ. ಬುತ್ತಿ ಕಟ್ಟುತ್ತಿದ್ದವಳು ಅಜ್ಜಿ. ತಾನು ಮಾತ್ರ ಒಂದು ದಿನವೂ ಬರಲಿಲ್ಲ. ಮೇಸ್ತ್ರಿಯದು ಹೊಟ್ಟಿನ ಧೂಳು ಕುಡಿದ ಎದೆ, ಕೆಮ್ಮು ಹೆಚ್ಚಾಗಿತ್ತು. ಕೈಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದರು. ಲಿಂಗಪೂಜೆಗೆ ಎಡ ಅಂಗೈ ಚಾಚಿದರೆ ಲಿಂಗ ಒಂದು ಕಡೆಗೆ ವಾಲುತ್ತದೆ ಎಂದು ಬಲಗೈಯ ಆಸರೆ ಕೊಟ್ಟು ಕೂರುತ್ತಿದ್ದರು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಪುಟ್ಟವ್ವಾ, ಅವ್ವ ಚೆನ್ನಾಗವ್ರಾ?"

"ಚೆನ್ನಾಗವ್ರೆ."

"ಏನಾದ್ರೂ ಅಂದ್ರಾ?"

"ಇಲ್ಲ."

"ಹೂಂ," ಎಂದು ಬುತ್ತಿ ಬಿಚ್ಚುತ್ತಿದ್ದರು.

ನಾನೇ ಒಮ್ಮೆ ರೇಗಿ ಕೇಳಿದೆ, "ನೀವ್ಯಾಕೆ ಹೇಳ್ಬಾರ್ದು? ಊರೆಲ್ಲ ಮೈಮರೆತ ಮೇಸ್ತ್ರಿ ಅಂತದೆ."

"ಮುಹೂರ್ತದ ದಿನ ಅವ್ವನ ಕೈಯಿಂದ ಹಿಂಗಾಯ್ತು ಅಂದ್ರೆ ಆ ಕಾರ್ಖಾನೆಗೆ ಯಾರು ಮರ ತತ್ತಾರೆ? ಹೋಗ್ಲಿ ಬಿಡು. ಆ ಕಿರುಬೆರಳು ಕೆಲ್ಸಕ್ಕೇನೂ ಬತ್ತಿರ್ಲಿಲ್ಲ. ಕಿವಿ ತುರಿಸ್ಕಳಕ್ಕೆ ಅಷ್ಟೇ." ಬುತ್ತಿಯ ಬಟ್ಟೆ ಮಡಿಸಿ ನನ್ನ ಕೈಗೆ ಕೊಟ್ಟರು. "ಹೇಳ್ಬೇಕು ಅನ್ಸಿದ್ರೆ ಅವ್ವನೇ ಹೇಳ್ತಾರೆ."

ಶ್ರಾವಣದಲ್ಲಿ ನಾನು ಬುತ್ತಿ ಹಿಡಿದು ಹೋದಾಗ ಬಾಗಿಲ ಮುಂದೆ ಜನ ಇದ್ದರು. ಒಳಗೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಅಜ್ಜಿಯೂ ಬಂದಳು. ಅಲ್ಲಿದ್ದ ಹೆಂಗಸರು ಪಿಸುಗುಟ್ಟುತ್ತಿದ್ದರು. "ಅಷ್ಟು ವರ್ಷ ಜೋಪಾನ ಮಾಡಿದ್ರು ಕಣೇ, ಕೊನೇಲಿ ಮೈಮರೆತ್ಬಿಟ್ರಂತೆ." ಅಜ್ಜಿ ಕೇಳಿಸಿಕೊಂಡಳು. ಮೇಸ್ತ್ರಿಯ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟಳು. ಮನೆಗೆ ಬಂದು ಸ್ನಾನ ಮಾಡಿದವಳು ಎರಡು ದಿನ ಊಟ ಮಾಡಲಿಲ್ಲ. ಸರಿ, ಒಂದು ದಿನ.

ಈ ವರ್ಷದ ಆಯುಧಪೂಜೆ ಮೊನ್ನೆ ಆಯಿತು. ಹೊಸ ಆಳಿದ್ದಾನೆ, ಎಂಟು ಬೆರಳು, ಗಿರಾಕಿಗಳಿಗೆ ಒಳ್ಳೆಯ ನಂಬಿಕೆ. ಬಡಗಿಗಳು, ಗಿರಾಕಿಗಳು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಅಪ್ಪ ಟೋಪಿ ಬಿಚ್ಚಲು ಬಗ್ಗಿದರು.

"ಬಿಡು. ಮುಚ್ಚೇ ಇರ್ಲಿ," ಅಂದಳು ಅಜ್ಜಿ.

"ಯಾಕವ್ವಾ? ದೇವರ ಮುಖ ಕಾಣ್ಬೇಡ್ವಾ?" ಎಂದ ಭಾಷಣದ ಬಡಗಿ.

ಅಜ್ಜಿ ವಿಭೂತಿಯ ಬಟ್ಟಲು ಹಿಡಿದುಕೊಂಡು ಎಲ್ಲರ ಕಡೆ ತಿರುಗಿದಳು. ದನಿ ಗಟ್ಟಿಯಾಗೇನೂ ಇರಲಿಲ್ಲ.

"ಹೋದ ವರ್ಷ ಅದು ಕೇಳಿದ್ದು ನನ್ನ ಕೈ ಕಣ್ರಪ್ಪ. ಹೂ ತಗಳಕ್ಕೆ ಹೋದೋಳು ನಾನು, ಸ್ವಿಚ್ಚು ಆರುಸಬೇಡ ಅಂದೋಳೂ ನಾನು. ಅವನು ನನ್ ಕೈ ತಳ್ಳಿ ತನ್ ಬೆರಳು ಕೊಟ್ಟ. ಅವನು ಮೈಮರೀಲಿಲ್ಲ."

ಅಪ್ಪ ಸೂರು ನೋಡಲಿಲ್ಲ, ನನ್ನನ್ನು ನೋಡಿದರು. ಭಾಷಣದ ಬಡಗಿ ಕೆಮ್ಮಿದ. ಈ ಸಲದ್ದು ನಿಜವಾದ ಕೆಮ್ಮು.

ಅಜ್ಜಿ ಸೀಮೆಎಣ್ಣೆ ಡಬ್ಬದ ಆ ತಗಡಿನ ಟೋಪಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಮೇಲೊಂದು ಸೇವಂತಿಗೆ ಇಟ್ಟಳು. ಆಮೇಲೆ ಗೋಡೆಯ ತನಕ ನಡೆದು ಸ್ವಿಚ್ಚಿನ ಮೇಲೆ ಅಂಗೈ ಇಟ್ಟಳು. ನನ್ನ ಕಡೆ ತಿರುಗಿದಳು.

"ನೀನು ಹೇಳೇ. ನಿಂಗೆ ಅವನ ದನಿ ಬತ್ತದೆ."

ಮನೆಯಲ್ಲಿ ನೂರು ಸಲ ಮಾಡಿ ನಗಿಸಿದ ದನಿ. ಗಂಟಲು ಸರಿಮಾಡಿಕೊಂಡು, ಅವರ ಹಾಗೇ ಗಡಸಾಗಿ, ಗಟ್ಟಿಯಾಗಿ ಹೇಳಿದೆ.

"ಆರಿದೆ."

ಯಾರೂ ನಗಲಿಲ್ಲ.